ಸೇರು, ಆಮೇಲೆ ಕೊಸರು

(ಶಲವಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿ ಇಟ್ಟ ಮನೆಯವರು ನನಗೆ ಎರಡು ಕರಾರು ಹಾಕಿದ್ದಾರೆ. ಒಂದು, ತಮ್ಮ ಹೆಸರನ್ನು ವೇದಿಕೆಯ ಮೇಲೆ ಎತ್ತಬಾರದು. ಎರಡು, ಪ್ರವಚನ ಮಾಡಬಾರದು. ಮೊದಲನೆಯದು ಸುಲಭ. ಮೂವತ್ತೈದು ವರ್ಷ ಸಾಲಿ ಮಾಸ್ತರಿಕೆ ಮಾಡಿದವನಿಗೆ ಎರಡನೆಯದು ಕಠಿಣ. ನಾನು ತಪ್ಪಿದರೆ ಮುಂದೆ ಕೂತವರು ಒಂದು ಸಲ ಕೆಮ್ಮಿರಿ, ನಿಲ್ಲಿಸುತ್ತೇನೆ.

ತೀರಿಹೋದ ತಾಯಿಯ, ತಂದೆಯ, ಗುರುವಿನ ಹೆಸರಿನಲ್ಲಿ ಒಂದು ಇಡಿಗಂಟು ಇಟ್ಟು, ಅಸಲು ಮುಟ್ಟದೆ ಬಡ್ಡಿಯಲ್ಲಿ ವರ್ಷಕ್ಕೊಂದು ಮಾತು ಆಡಿಸುವುದು ನಮ್ಮ ಧಾರವಾಡ ಸೀಮೆಗೆ ಒಗ್ಗಿದ ರೂಢಿ. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಇಂಥ ದತ್ತಿ ಉಪನ್ಯಾಸಗಳು ನಡೆಯುತ್ತಲೇ ಇರುತ್ತವೆ. ಬ್ಯಾಂಕಿನ ಬಡ್ಡಿ ಇಳಿದಂತೆಲ್ಲ ಹೂವಿನ ಹಾರ ಸಣ್ಣದಾಗುತ್ತಿದೆ, ಉಪನ್ಯಾಸ ಮಾತ್ರ ಉದ್ದವಾಗುತ್ತಿದೆ. ಇರಲಿ. ಈ ರೂಢಿಯಲ್ಲಿ ನನಗೆ ಹಿಡಿಸುವುದು ಒಂದು ಸಂಗತಿ. ತಾಯಿಯ ಋಣವನ್ನು ತಾಯಿಗೇ ತೀರಿಸಲಾಗುವುದಿಲ್ಲ ಎಂದು ತಿಳಿದ ಮಕ್ಕಳು ಅದನ್ನು ಗುರುತು ಪರಿಚಯ ಇಲ್ಲದವರ ಕಡೆ ಹೊರಳಿಸುತ್ತಾರೆ. ಇವತ್ತು ಈ ದತ್ತಿಯ ತಾಯಿಯ ಋಣ ನನ್ನ ಕಡೆ, ನಿಮ್ಮ ಕಡೆ ಹೊರಳಿದೆ.

ಋಣವನ್ನು ಯಾರ ಕಡೆ ಹೊರಳಿಸಬೇಕು? ಇಷ್ಟೇ ನನ್ನ ವಿಷಯ.

ನಮ್ಮ ಮನೆಗಳಲ್ಲಿ ‘ಧನ್ಯವಾದ’ ಎಂಬ ಶಬ್ದ ಓಡಾಡುವುದಿಲ್ಲ. ಅದು ಭಾಷಣದ ಕೊನೆಗೆ ಬರುವ ಶಬ್ದ. ಬಿಸಿ ರೊಟ್ಟಿ ಹಾಕಿದ ಹೆಂಡತಿಗೆ ಧನ್ಯವಾದ ಅಂದು ನೋಡಿರಿ, ‘ಯಾಕ್ರೀ, ಮೈಯಾಗ ಆರಾಮ ಇಲ್ಲೇನು?’ ಎಂದು ಹಣೆ ಮುಟ್ಟಿ ನೋಡುತ್ತಾಳೆ. ಹಾಗಂತ ನಾವು ಉಪಕಾರಗೇಡಿಗಳೇನಲ್ಲ. ಉಂಡವರು ‘ನಿನ್ನ ಹೊಟ್ಟಿ ತಣ್ಣಗಿರಲಿ’ ಅನ್ನುತ್ತಾರೆ. ಬಾಯಿಯಿಂದ ಅನ್ನದವರು ಮರುದಿನ ನಿಮ್ಮ ಹೊಲದಲ್ಲಿ ಮುಯ್ಯಾಳಾಗಿ ಬಂದು ನಿಲ್ಲುತ್ತಾರೆ. ಪಕ್ಕದ ಮನೆಯಿಂದ ಪಲ್ಯ ಬಂದ ಬಟ್ಟಲು ಬರಿದಾಗಿ ತಿರುಗಿ ಹೋಗುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತೇವೆ. ಎಳ್ಳಮವಾಸ್ಯೆ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಮಡಕಿಕಾಳು, ಶೇಂಗಾ ಹೋಳಿಗೆ ಕಟ್ಟಿಕೊಂಡು ಎರೆಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಭೂಮಿತಾಯಿ ಉಂಡ ಮೇಲೆ ನಾವು. ಅವಳ ಜೊತೆಗೆ ಹಕ್ಕಿ ಉಣ್ಣುತ್ತದೆ, ಇಲಿ ಉಣ್ಣುತ್ತದೆ, ಹುಳ ಉಣ್ಣುತ್ತದೆ. ಇಷ್ಟು ದೊಡ್ಡ ಮನಸ್ಸಿನ ಹಬ್ಬ ನಮ್ಮದು.

ಆ ಹಬ್ಬದ ದಿನ ನಮ್ಮನ್ನು ಬಂಡಿ ಹೊಡೆದುಕೊಂಡು ಕರೆತಂದ ಆಳು ಎಲ್ಲಿ ಕೂತು ಉಣ್ಣುತ್ತಿದ್ದ? ನನ್ನ ನೆನಪು ಹೇಳುತ್ತೇನೆ. ಬನ್ನಿಗಿಡದ ಬುಡದಲ್ಲಿ ನಾವು ಕೂಡುತ್ತಿದ್ದೆವು. ಅವನು ಬಂಡಿಯ ಆಚೆ ಕಡೆ, ಗಾಲಿಯ ನೆರಳಿನಲ್ಲಿ.

ನನ್ನ ಊರು ಬೆಣ್ಣಿಹಳ್ಳದ ದಂಡೆಯದು. ನಾನು ಹುಡುಗನಾಗಿದ್ದಾಗ ಸುಗ್ಗಿ ಅಂದರೆ ಕಣ. ಮೇಟಿ ನೆಟ್ಟು, ಎತ್ತು ಹೂಡಿ, ಹಂತಿ ತುಳಿಸಿ, ಗಾಳಿ ನೋಡಿ ತೂರಿ ರಾಶಿ ಮಾಡುವುದು. ರಾಶಿಯ ದಿನ ಆಯಗಾರರು ಬರುತ್ತಿದ್ದರು: ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದ, ಸಮಗಾರ, ತಳವಾರ. ವರ್ಷವಿಡೀ ಕುಂಟೆ, ಕೂರಿಗೆ, ಮಿಣಿ, ಮಡಕೆ ಮಾಡಿಕೊಟ್ಟದ್ದಕ್ಕೆ ಅಂದು ಕಾಳು. ರೊಕ್ಕದ ಮಾತೇ ಇಲ್ಲ. ಈ ಆಯದ ಪದ್ಧತಿಯನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರನ್ನು ನಾನು ಬಹಳ ಕಂಡಿದ್ದೇನೆ. ‘ಆಗ ಊರೆಲ್ಲಾ ಒಂದ ಮನಿ ಇದ್ದಂಗ ಇತ್ರೀ’ ಅನ್ನುತ್ತಾರೆ. ಹೌದು, ಒಂದೇ ಮನೆ. ಆದರೆ ಆ ಮನೆಯಲ್ಲಿ ಕೆಲವರಿಗೆ ಪಡಸಾಲೆ, ಕೆಲವರಿಗೆ ಕಟ್ಟೆ, ಕೆಲವರಿಗೆ ಅಂಗಳದ ಆಚೆ.

ನಮ್ಮ ದನದ ಮನೆ ಬಳಿದು, ಹೊಲದಲ್ಲಿ ಕಸ ತೆಗೆಯಲು ಬರುತ್ತಿದ್ದ ಒಬ್ಬ ಹೆಣ್ಣುಮಗಳಿದ್ದಳು. ನನ್ನ ಅಮ್ಮನ ವಯಸ್ಸು, ಅಂದರೆ ಅಜ್ಜಿಯ ವಯಸ್ಸು. ಏಳು ವರ್ಷದ ನಾನು ಅವಳನ್ನು ಹೆಸರು ಹಿಡಿದು, ‘ಬಾರ, ಹೋಗ’ ಎಂದು ಕರೆಯುತ್ತಿದ್ದೆ. ಅವಳು ನನಗೆ ‘ಸಣ್ಣ ಧಣಿ’ ಅನ್ನುತ್ತಿದ್ದಳು. ಆ ಹೆಸರನ್ನು ಇವತ್ತು ಈ ಮೈಕಿನಲ್ಲಿ ಹೇಳುವುದಿಲ್ಲ, ಏಕವಚನದಲ್ಲಿ ಅದನ್ನು ಸಾಕಷ್ಟು ಸಲ ಅಂದಾಗಿದೆ. ಅವಳಿಗೆ ನೀರಡಿಕೆಯಾದರೆ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ನಾನು ಮೆಟ್ಟಿಲ ಮೇಲೆ ನಿಂತು ತಂಬಿಗೆಯಿಂದ ಮೇಲಿನಿಂದ ಸುರಿಯುತ್ತಿದ್ದೆ, ಅವಳು ಬಗ್ಗಿ ಬೊಗಸೆಯಲ್ಲಿ ಕುಡಿಯುತ್ತಿದ್ದಳು. ನೀರು ಮೊಳಕೈಗುಂಟ ಇಳಿದು ಸೀರೆ ಒದ್ದೆಯಾಗುತ್ತಿತ್ತು. ನನಗೆ ಅದು ಆಟವಾಗಿತ್ತು. ನಮ್ಮ ಈ ಎರೆ ಸೀಮೆಯಲ್ಲಿ ಬಾವಿ ತೋಡಿದರೆ ಸವುಳು ನೀರು, ಕುಡಿಯುವುದಕ್ಕೆ ಕೆರೆಯೇ ಗತಿ. ಆ ಕೆರೆಯ ಹೂಳು ಹೊತ್ತವರಲ್ಲಿ ಅವಳೂ ಒಬ್ಬಳು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನನ್ನ ಅವ್ವ ದೊಡ್ಡ ಕೈಯವಳು. ಅದರಲ್ಲಿ ಸುಳ್ಳಿಲ್ಲ. ಹಗೇವಿನಿಂದ ತೆಗೆದ ಬಿಳಿಜೋಳವನ್ನು ಕಾಳು ಕೇರುವ ಮರದಲ್ಲಿ ಮೊಗೆದು ಆ ಹೆಣ್ಣುಮಗಳ ಉಡಿಗೆ ಸುರಿಯುತ್ತಿದ್ದಳು. ಅಳತೆ ಇಲ್ಲ. ಬೆಳೆ ಚೆನ್ನಾಗಿದ್ದ ವರ್ಷ ಮರದ ತುಂಬ. ಮನೆಯಲ್ಲಿ ಸಿಟ್ಟು ಸೆಡವು ಇದ್ದ ದಿನ ಅರ್ಧ. 1972ರ ಬರ ಬಿತ್ತು. ಮರ ಹಗುರಾಗುತ್ತಾ ಬಂತು. ಒಂದು ಸಂಜೆ ಆ ಹೆಣ್ಣುಮಗಳು ಉಡಿ ಒಡ್ಡಲಿಲ್ಲ. ನಿಂತಲ್ಲೇ ನಿಂತು ಅಂದಳು:

‘ಅವ್ವಾರ, ಮರಾ ಬ್ಯಾಡ್ರಿ. ಸೇರಿಲೆ ಅಳದು ಕೊಡ್ರಿ.’

ಅವ್ವನಿಗೆ ಕಪಾಳಕ್ಕೆ ಹೊಡೆದಂತಾಯಿತು. ‘ಇಷ್ಟ ವರ್ಷ ಕೈ ತುಂಬ ಕೊಟ್ಟೇನಿ. ನಾ ಏನ ಮೋಸಾ ಮಾಡೀನೇನ?’

‘ಮೋಸ ಅಂತ ಯಾರಂದ್ರರೀ. ಮರದಾಗ ಕೊಟ್ರ ನಿಮ್ಮ ಮನಸಿಗೆ ಬಂದಷ್ಟು. ಸೇರಿನ್ಯಾಗ ಕೊಟ್ರ ನಾ ದುಡದಷ್ಟು.’

ಅವ್ವ ಎರಡು ದಿನ ಮಾತು ಬಿಟ್ಟಳು. ಉಂಡ ಮನೆಯ ಜಂತಿ ಎಣಿಸುವವರ ಬಗ್ಗೆ ಒಲೆಯ ಮುಂದೆ ಬಹಳ ಗೊಣಗಿದಳು. ಮೂರನೆಯ ದಿನ ನಾಗೊಂದಿಯ ಮೇಲಿನಿಂದ ಹಿತ್ತಾಳೆಯ ಸೇರು ಇಳಿಸಿ, ಸೆರಗಿನಿಂದ ಒರೆಸಿ, ಅಳೆದಳು. ಒಂದು, ಎರಡು, ಮೂರು. ಅಂಗೈಯಿಂದ ಮಟ್ಟ ಸವರಿ ಹಾಕಿದಳು. ಮುಗಿದ ಮೇಲೆ ಕೈ ಸುಮ್ಮನಿರಲಿಲ್ಲ. ಮತ್ತೊಂದು ಬೊಗಸೆ ಎತ್ತಿ ಉಡಿಗೆ ಹಾಕಿ, ‘ಇದು ಕೊಸರು, ತಗೊ’ ಅಂದಳು. ಇಬ್ಬರೂ ನಕ್ಕರು. ಅಂದಿನಿಂದ ನಮ್ಮ ಮನೆಯಲ್ಲಿ ಮೊದಲು ಸೇರು, ಆಮೇಲೆ ಕೊಸರು.

ಸಂತೆಗೆ ಹೋಗಿ ಬಂದ ನಿಮಗೆ ಕೊಸರು ಏನೆಂದು ನಾನು ಹೇಳಬೇಕಿಲ್ಲ. ತೂಕ ಸರಿಯಾಗಿ ಮಾಡಿದ ಮೇಲೆ ಉಳ್ಳಾಗಡ್ಡಿಯವಳು ಒಂದು ಗಡ್ಡೆ ಹೆಚ್ಚಿಗೆ ಹಾಕುತ್ತಾಳಲ್ಲ, ಅದು. ತೂಕವನ್ನೇ ಹೊಡೆದು, ಆಮೇಲೆ ಕರಿಬೇವಿನ ಎಸಳು ಪುಕ್ಕಟೆ ಕೊಟ್ಟರೆ ಅದು ಕೊಸರಲ್ಲ. ನನ್ನ ಸಂಶಯ ಏನೆಂದರೆ, ಔದಾರ್ಯ ಎಂದು ನಾವು ಬೀಗುವುದರಲ್ಲಿ ಬಹುಪಾಲು ಇಂಥ ಕರಿಬೇವು.

ಇಲ್ಲಿ ಒಂದು ಹಳೆಯ ಶಬ್ದ ನೆನಪಿಗೆ ಬರುತ್ತದೆ: ಜೋಳವಾಳಿ. ಜೋಳದ ಪಾಳಿ ಎಂದೂ ಅನ್ನುತ್ತಾರೆ. ಹಳಗನ್ನಡ ಕಾವ್ಯಗಳಲ್ಲಿ, ಶಾಸನಗಳಲ್ಲಿ ಬರುವ ಶಬ್ದ ಇದು. ಯಾರ ಜೋಳ ಉಂಡೆನೋ ಅವರಿಗಾಗಿ ಪ್ರಾಣ ಕೊಡುವ ಕಟ್ಟುಪಾಡು. ನಮ್ಮ ಪಕ್ಕದ ಅಣ್ಣಿಗೇರಿಗೂ ಆದಿಕವಿ ಪಂಪನಿಗೂ ಇರುವ ನಂಟು ನಿಮಗೆ ಗೊತ್ತೇ ಇದೆ. ಅವನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಮನೆತನದವಳು ಎಂಬುದು ತಮ್ಮ ಜಿನವಲ್ಲಭ ಹಾಕಿಸಿದ ಕುರ್ಕ್ಯಾಲದ ಶಾಸನದಿಂದ ತಿಳಿಯುತ್ತದೆ. ಹತ್ತನೆಯ ಶತಮಾನದ ಆ ಕವಿ ಕರ್ಣನನ್ನು ಅಷ್ಟು ಪ್ರೀತಿಯಿಂದ ಕಡೆದದ್ದು ಯಾಕೆ? ತಾನು ಕುಂತಿಯ ಮಗ ಎಂದು ತಿಳಿದ ಮೇಲೂ ಕರ್ಣ ದುರ್ಯೋಧನನ ಅನ್ನದ ಋಣ ಬಿಟ್ಟು ಬರಲಿಲ್ಲ. ಉಪಕಾರ ಸ್ಮರಣೆಯ ಪರಮಾವಧಿ ಅದು. ಓದುವಾಗ ಇವತ್ತಿಗೂ ಗಂಟಲು ಬಿಗಿಯುತ್ತದೆ.

ಆದರೆ ಮಾಸ್ತರಿಕೆ ಬಿಟ್ಟ ಮೇಲೆ ನನಗೊಂದು ಪ್ರಶ್ನೆ ಕಾಡಹತ್ತಿತು. ಆ ಜೋಳ ಯಾರದು? ಒಡೆಯನ ಕಣಜದಿಂದ ಬಂತು, ಸರಿ. ಕಣಜಕ್ಕೆ ಎಲ್ಲಿಂದ ಬಂತು? ಬಿತ್ತಿದವನು, ಕಳೆ ಕಿತ್ತವಳು, ಬೆಳಸಿ ಕಾಯಲು ಅಟ್ಟಣಿಗೆಯ ಮೇಲೆ ನಿದ್ದೆಗೆಟ್ಟ ಹುಡುಗ, ಇವರ ಪಾಲಿಗೆ ಯಾವ ಜೋಳವಾಳಿ ಇತ್ತು? ಊರೂರಿನ ಗುಡಿಯ ಮುಂದೆ ನಿಂತ ಹಳೆಯ ವೀರಗಲ್ಲುಗಳನ್ನು ನೋಡಿರಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಕೊಟ್ಟ ಒಡೆಯನಿಗಾಗಿ, ಊರಿನ ದನಕ್ಕಾಗಿ ಸತ್ತವರ ಕಲ್ಲುಗಳವು. ನಾನು ಕಂಡಂತೆ, ಉಣಿಸಿದ ಒಕ್ಕಲಿಗನ ಹೆಸರಿಗೆ ಕಲ್ಲು ನಿಲ್ಲಬೇಕಾದರೆ ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಅದು ನಿಂತದ್ದು ಇಲ್ಲೇ, ನಮ್ಮ ಮಗ್ಗುಲಲ್ಲೇ.

1980ರ ಜುಲೈ 21. ಇಲ್ಲಿ ಕೂತ ಹಿರಿಯರಲ್ಲಿ ಕೆಲವರು ಅಂದು ನವಲಗುಂದದಲ್ಲಿ ಇದ್ದಿರಬೇಕು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು, ಕಾಲುವೆ ತೋಡಿದರು. ನೀರು ಎಲ್ಲ ಹೊಲಕ್ಕೆ ಬರುವ ಮೊದಲೇ ಭೂಮಿ ಸುಧಾರಿಸಿದೆ ಎಂದು ಅಭಿವೃದ್ಧಿ ಕರ ಬಂತು, ನೀರಿನ ಕರ ಬಂತು. ಸರಕಾರದ ಲೆಕ್ಕದಲ್ಲಿ ಅದು ಉಪಕಾರ: ನಿಮಗೆ ನೀರು ಕೊಟ್ಟಿದ್ದೇವೆ, ಋಣ ತೀರಿಸಿರಿ. ರೈತರು ಕೇಳಿದ್ದು, ಎಲ್ಲಿ ನೀರು, ಅಳೆದು ತೋರಿಸಿರಿ. ನನ್ನ ಕಿವಿಗೆ ಅದು ಆ ಹೆಣ್ಣುಮಗಳು ಸೇರು ಕೇಳಿದ ದನಿಯಂತೆಯೇ ಕೇಳುತ್ತದೆ. ಅಂದು ಗೋಲಿಬಾರಿನಲ್ಲಿ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಬಿದ್ದರು. ನರಗುಂದದಲ್ಲಿ ಪೊಲೀಸರ ಜೀವವೂ ಹೋಯಿತು. ಅವರ ಮನೆಯಲ್ಲಿಯೂ ತಾಯಿ ಇದ್ದಳು, ಅದನ್ನು ಮರೆತು ನಾನು ಈ ದಿನವನ್ನು ನೆನೆಯಲಾರೆ. ಕಿಚ್ಚು ರಾಜ್ಯವೆಲ್ಲ ಹಬ್ಬಿತು, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ನವಲಗುಂದದಲ್ಲಿ, ನರಗುಂದದಲ್ಲಿ ಆ ಇಬ್ಬರಿಗೆ ವೀರಗಲ್ಲು ನಿಂತವು. ಪ್ರತಿ ಜುಲೈ 21ಕ್ಕೆ ಜನ ಹೋಗಿ ಹಾರ ಹಾಕುತ್ತಾರೆ.

ಸಾವಿರ ವರ್ಷದ ಜೋಳವಾಳಿ ಅಲ್ಲಿ ತಿರುಗಿ ಕೂತಿತು. ಉಂಡವರು ಉಣಿಸಿದವರ ಋಣದಲ್ಲಿದ್ದಾರೆ ಎಂದು ಆ ಕಲ್ಲು ಸಾರುತ್ತದೆ. ರೈತನಾದ ನನಗೆ ಇದು ಹೆಮ್ಮೆ. ಆದರೆ ಕಲ್ಲಿನ ಬೆರಳು ನನ್ನ ಕಡೆಗೂ ಇದೆ. ಸರಕಾರದ ಮುಂದೆ ಸೇರು ಕೇಳುವ ನಾನು ನನ್ನ ಹೊಲದ ಆಳಿಗೆ ಯಾವುದರಲ್ಲಿ ಕೊಡುತ್ತೇನೆ?

1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಹೊಲ ಎಂದಾಯಿತು. ದೇವರಾಜ ಅರಸರ ಆ ಕೆಲಸ ಸಣ್ಣದಲ್ಲ, ಗೇಣಿ ಮಾಡುತ್ತಿದ್ದ ಎಷ್ಟೋ ಮನೆಗಳು ಒಕ್ಕಲುತನದ ಮನೆಗಳಾದವು. ಆದರೆ ಗೇಣಿಯ ಕಾಗದವೇ ಇಲ್ಲದ ಕೂಲಿಯವಳು ಯಾವ ನ್ಯಾಯಮಂಡಳಿಯ ಮುಂದೆ ಯಾವ ಅರ್ಜಿ ಕೊಡಬೇಕಿತ್ತು? ಅವಳ ಕೈಯಲ್ಲಿ ಕುರುಪಿ ಹಾಗೆಯೇ ಉಳಿಯಿತು. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಇನ್ನೊಂದು ಎಂಬ ಲೆಕ್ಕವೂ ಉಳಿಯಿತು. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ನಮ್ಮ ಸೀಮೆಯ ಹೊಲದ ಬದುವಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಗಂಡು ಹೆಣ್ಣಿಗೆ ಒಂದೇ ಕೂಲಿ ಎಂದಾಗ ನಾವೆಲ್ಲ ಕಟ್ಟೆಯ ಮೇಲೆ ಕೂತು ‘ಆಳು ಕೆಟ್ಟು ಹೋದ್ವು’ ಎಂದು ಅಂದದ್ದು ನೆನಪಿದೆಯೆ? ನಾನೂ ಅಂದಿದ್ದೇನೆ. ಅದೇ ನಾವು ಪಂಚಮಿಗೆ ಆ ಹೆಣ್ಣಾಳುಗಳಿಗೆ ಉಂಡಿ ಕೊಟ್ಟೆವು, ದೀಪಾವಳಿಗೆ ಸೀರೆ ಉಡಿಸಿದೆವು. ಸೀರೆ ಕೊಟ್ಟದ್ದು ತಪ್ಪಲ್ಲ. ಆದರೆ ವರ್ಷದ ಕೂಲಿಯಲ್ಲಿ ಉಳಿಸಿಕೊಂಡದ್ದನ್ನು ಕೂಡಿಸಿದರೆ ಎಷ್ಟು ಸೀರೆ ಆಗುತ್ತಿತ್ತು ಎಂದು ಲೆಕ್ಕ ಹಾಕಿದವರು ಯಾರು?

ಈ ಸೇರು ಕೊಸರಿನ ಭೇದ ನಮ್ಮ ಅವ್ವನ ಅಡುಗೆಮನೆಯಲ್ಲೇ ಹುಟ್ಟಿತೆಂದು ನಾನು ಬಹಳ ದಿನ ತಿಳಿದಿದ್ದೆ. ನವಲಗುಂದದಲ್ಲಿ ನನ್ನ ಜೊತೆ ಮಾಸ್ತರಿಕೆ ಮಾಡಿದ ಮುಸಲ್ಮಾನ ಗೆಳೆಯರೊಬ್ಬರು ನಕ್ಕು, ‘ಸರ್, ನಮ್ಮಲ್ಲಿ ಅದಕ್ಕ ಎರಡು ಬ್ಯಾರೆ ಶಬ್ದನ ಅದಾವು’ ಅಂದರು. ವರ್ಷವಿಡೀ ಉಳಿದ ಸಂಪತ್ತಿನಲ್ಲಿ ನೂರಕ್ಕೆ ಎರಡೂವರೆ ಲೆಕ್ಕ ಹಾಕಿ ತೆಗೆಯುವುದು ಝಕಾತ್. ಅದು ಬಡವನ ಹಕ್ಕು, ಕೊಟ್ಟವನು ಅದಕ್ಕಾಗಿ ಮೀಸೆ ತಿರುವುವ ಹಾಗಿಲ್ಲ. ಅದರ ಮೇಲೆ ಮನಸ್ಸಿಗೆ ಬಂದಷ್ಟು ಕೊಡುವುದು ಸದಕಾ. ಯಮನೂರಿನ ಉರುಸಿಗೆ ನಾವೆಲ್ಲ ಹೋಗುತ್ತೇವೆ, ಬೆಣ್ಣಿಹಳ್ಳದ ನೀರಿನಿಂದ ದೀಪ ಹಚ್ಚುವುದನ್ನು ನೋಡಿ ಕೈ ಮುಗಿಯುತ್ತೇವೆ, ಅಲ್ಲಿಯ ಸಂತನನ್ನು ಚಾಂಗದೇವ ಅನ್ನುವವರು ಅನ್ನುತ್ತಾರೆ, ರಾಜಾಬಾಗಸವಾರ ಅನ್ನುವವರು ಅನ್ನುತ್ತಾರೆ. ಇಷ್ಟು ವರ್ಷ ಒಟ್ಟಿಗೆ ಇದ್ದೂ ಪಕ್ಕದ ಮನೆಯ ಈ ಲೆಕ್ಕವನ್ನು ನಾನು ನಿವೃತ್ತಿಯ ಹೊತ್ತಿಗೆ ಕಲಿತೆ.

ಈಗ ನಾನು ನಿಂತಿರುವ ಈ ಜಮಖಾನವನ್ನೇ ನೋಡಿರಿ. ನವಲಗುಂದದ್ದು. ಭೌಗೋಳಿಕ ಸೂಚಿಯ ಮನ್ನಣೆ ಇದೆ, ಪ್ರದರ್ಶನಗಳಲ್ಲಿ ಹೆಸರಿದೆ. ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಇದನ್ನು ನೇಯುವವರು ಹೆಣ್ಣುಮಕ್ಕಳು. ನವಿಲು, ಪಗಡೆಯ ಪಟ ಬೆರಳಿನಿಂದಲೇ ಏಳಿಸುತ್ತಾರೆ. ನೇಯುವ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ, ಯಾಕೆಂದರೆ ಹೊಗಳಿಕೆಯಿಂದ ಒಲೆ ಉರಿಯುವುದಿಲ್ಲ. ಚೌಕಾಶಿ ಮಾಡಿ ತಂದ ಜಮಖಾನದ ಮೇಲೆ ನಿಂತು ಔದಾರ್ಯದ ಮಾತಾಡುತ್ತಿದ್ದೇನೆ ಎಂಬುದು ನನಗೆ ಗೊತ್ತಿದೆ.

ಶರಣರ ಕಾಲದ ದಾಸೋಹದ ಬಗ್ಗೆ ಒಂದಿಷ್ಟು. ಈ ಶಬ್ದವನ್ನು ನಾವು ಬಹಳ ತಿಕ್ಕಿ ನುಣುಪು ಮಾಡಿದ್ದೇವೆ. ಮದುವೆಯ ಕಾರ್ಡಿನಲ್ಲಿ, ಜಾತ್ರೆಯ ಬ್ಯಾನರಿನಲ್ಲಿ ‘ದಾಸೋಹ ಸೇವೆ’ ಎಂದು ಕೊಟ್ಟವರ ಫೋಟೊ ಹಾಕುತ್ತೇವೆ. ದಾಸೋಹಂ, ನಾನು ದಾಸ ಎಂಬುದರಿಂದ ಬಂದ ಶಬ್ದಕ್ಕೆ ಧಣಿಯ ಫೋಟೊ! ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕತೆ ನಿಮಗೆ ಬಾಯಿಪಾಠ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಜಂಗಮರಿಗೆ ಉಣಿಸುತ್ತಿದ್ದ ಗಂಡ ಒಂದು ದಿನ ಹೆಚ್ಚಿಗೆ ತಂದ. ಹೆಂಡತಿ, ಇದು ನಮ್ಮದಲ್ಲ, ಚೆಲ್ಲಿ ಬಾ ಎಂದು ತಿರುಗಿ ಕಳಿಸಿದಳು. ಇದನ್ನು ಆಸೆಬುರುಕತನದ ವಿರುದ್ಧದ ಪಾಠವೆಂದು ನಾನು ಮೂವತ್ತೈದು ವರ್ಷ ಕಲಿಸಿದೆ. ಈಗ ಓದಿದರೆ ಬೇರೆ ಕಾಣುತ್ತದೆ. ಆ ಹೆಚ್ಚಿನ ಅಕ್ಕಿಯನ್ನೂ ದಾಸೋಹಕ್ಕೇ ಹಾಕಬಹುದಿತ್ತಲ್ಲ? ಇನ್ನೂ ಹತ್ತು ಮಂದಿ ಉಣ್ಣುತ್ತಿದ್ದರು, ಪುಣ್ಯವೂ ಹೆಚ್ಚುತ್ತಿತ್ತು. ಲಕ್ಕಮ್ಮ ಒಪ್ಪಲಿಲ್ಲ. ಅವಳಿಗೆ ಎಷ್ಟು ಕೊಡುತ್ತೇವೆ ಎಂಬುದಕ್ಕಿಂತ ಮೊದಲು ಎಲ್ಲಿಂದ ತಂದೆವು ಎಂಬುದು ಮುಖ್ಯ. ಅಂಗಳದಲ್ಲಿ ಉಳಿದ ಅಕ್ಕಿಯನ್ನು ಆಯುವ ಇನ್ನೊಬ್ಬಳು ಬರುತ್ತಾಳೆ. ನಮ್ಮ ಹೊಲದಲ್ಲಿಯೂ ಕೊಯ್ಲಾದ ಮೇಲೆ ಹಕ್ಕಲು ಆಯುವವರು ಬರುತ್ತಿದ್ದರು, ಬಿದ್ದ ತೆನೆ ಅವರದೇ, ಯಾರೂ ಕೇಳುವ ಹಾಗಿರಲಿಲ್ಲ. ಈಗ ರಾಶಿ ಮಷಿನ್ ಬಂದಿದೆ. ಕಣ ಇಲ್ಲ, ಆಯ ಇಲ್ಲ, ಹಕ್ಕಲೂ ಇಲ್ಲ. ಕೊಯ್ದ ದಿನವೇ ಕಾಳು ಅಣ್ಣಿಗೇರಿಯ ಪೇಟೆಗೆ. ನಾನು ಕಣದ ಕಾಲ ತಿರುಗಿ ಬರಲಿ ಅನ್ನುವವನಲ್ಲ. ಬಂದರೆ ಅದರ ಹಿಂದೆಯೇ ಹಿತ್ತಲ ಬಾಗಿಲೂ ಬರುತ್ತದೆ.

ಕೊಟ್ಟದ್ದನ್ನು ಹಕ್ಕಾಗಿ ಮಾಡಿ ಕೊಟ್ಟವರು ನಮ್ಮ ಸೀಮೆಯಲ್ಲಿ ಇಲ್ಲದೇ ಇಲ್ಲ. ಶಿರಸಂಗಿ ಲಿಂಗರಾಜ ದೇಸಾಯಿಯವರು ನಮ್ಮ ನವಲಗುಂದಕ್ಕೂ ದೇಸಾಯರು. 1861ರಲ್ಲಿ ಹುಟ್ಟಿ, 1906ರಲ್ಲಿ ತೀರಿಕೊಂಡರು. ನಲವತ್ತೈದೇ ವರ್ಷ. ದೇಸಗತಿಯ ಆಸ್ತಿಯನ್ನು ಬಡ ಹುಡುಗರ ಓದಿಗೆಂದು ಬರೆದಿಟ್ಟು ಹೋದರು. ದೇಸಾಯಿ ಬದುಕಿದ್ದಾಗ ವಾಡೆಯ ಮುಂದೆ ನಿಂತು ಒಬ್ಬ ಹುಡುಗ ಬೇಡಿದ್ದರೆ ಅದು ಮರ. ಆ ಆಸ್ತಿಯ ಟ್ರಸ್ಟಿನ ನಿಯಮದ ಪ್ರಕಾರ ಅರ್ಜಿ ಬರೆದು, ಅಂಕ ತೋರಿಸಿ, ವಿದ್ಯಾರ್ಥಿವೇತನ ಪಡೆದರೆ ಅದು ಸೇರು. ಯಾರ ಕಾಲಿಗೂ ಬೀಳಬೇಕಿಲ್ಲ. ಆ ಹಣದಲ್ಲಿ ಓದಿದವರು ನಾಡು ಕಟ್ಟಿದರು. 1933ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ತೆರೆದ ಕಾಲೇಜಿಗೆ ಅವರದೇ ಹೆಸರು. ಆ ಸೇರು ತಮ್ಮ ಸಮಾಜದ ಮಕ್ಕಳಿಗೆ ಎಂದು ಅಳೆದದ್ದು ಎಂಬುದನ್ನೂ ಹೇಳಬೇಕು. ಆ ಕಾಲ ಹಾಗಿತ್ತು ಎಂದು ಸುಮ್ಮನಾಗಬಹುದು. ಆದರೆ ಅದೇ ಕಾಲದ ಆಸುಪಾಸಿನಲ್ಲಿ ಆ ಅಳತೆಯ ಹೊರಗೆ ನಿಂತವರ ಮಕ್ಕಳಿಗೆ ಇನ್ನೊಬ್ಬರು ಸೇರು ಹಿಡಿದು ಬಂದರು. ಅಂಬೇಡ್ಕರ್ 1928ರಲ್ಲಿ ಕಟ್ಟಿದ ಶಿಕ್ಷಣ ಸಂಸ್ಥೆ ದಲಿತ ಹುಡುಗರಿಗಾಗಿ ನಡೆಸಿದ ವಸತಿ ನಿಲಯಗಳಲ್ಲಿ ಧಾರವಾಡದ್ದೂ ಒಂದು. ಒಂದೇ ಧಾರವಾಡದಲ್ಲಿ ಮುರುಘಾಮಠದ ಮೃತ್ಯುಂಜಯಪ್ಪಗಳ ಪ್ರಸಾದ ನಿಲಯದಲ್ಲಿ ಹಳ್ಳಿಯ ಹುಡುಗರು ಉಂಡು ಓದುತ್ತಿದ್ದರು, ಇತ್ತ ಈ ನಿಲಯದಲ್ಲಿ ಊರ ಹೊರಗಿನ ಕೇರಿಯ ಹುಡುಗರು. ಆ ಎರಡೂ ಕಡೆ ಉಂಡವರ ಮೊಮ್ಮಕ್ಕಳು ಇವತ್ತು ಒಂದೇ ಕಚೇರಿಯಲ್ಲಿ ಕೂತಿದ್ದಾರೆ. ಮಧ್ಯಾಹ್ನ ಡಬ್ಬಿ ತೆರೆದಾಗ ಒಂದೇ ಟೇಬಲ್ಲಿಗೆ ಕೂಡುತ್ತಾರೋ ಇಲ್ಲವೋ, ಅದನ್ನು ಅವರೇ ಹೇಳಬೇಕು.

2019ರ ಆಗಸ್ಟಿನಲ್ಲಿ ಮಲಪ್ರಭೆ, ಬೆಣ್ಣಿಹಳ್ಳ ಉಕ್ಕಿದಾಗ ನಮ್ಮ ಜನ ಏನು ಮಾಡಿದರು ಎಂಬುದನ್ನು ನಾನು ಸಾಯುವತನಕ ಮರೆಯಲಾರೆ. ನೀರು ಬಾರದ ಊರುಗಳಲ್ಲಿ ರಾತ್ರಿಯಿಡೀ ರೊಟ್ಟಿ ಬಡಿಯುವ ಸಪ್ಪಳ. ಕಟಕು ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಗಂಟು ಕಟ್ಟಿ ಟ್ರ್ಯಾಕ್ಟರಿನಲ್ಲಿ ಕಳಿಸಿದರು. ಯಾವ ಕೇರಿಯ ರೊಟ್ಟಿ ಎಂದು ಯಾರೂ ಕೇಳಲಿಲ್ಲ. ಹಸಿವು ಅಷ್ಟಿತ್ತು. ನೀರು ಇಳಿಯಿತು, ಮನೆ ಎದ್ದವು, ರೊಟ್ಟಿಗೆ ಮತ್ತೆ ಕೇರಿ ಬಂತು. ಹೊಳೆ ಬಂದಾಗ ಇರುವ ಮನಸ್ಸು ಹೊಳೆ ಇಳಿದಾಗ ಎಲ್ಲಿ ಹೋಗುತ್ತದೆ ಎಂದು ನಾನು ಬಹಳ ಮಂದಿಯನ್ನು ಕೇಳಿದ್ದೇನೆ. ಉತ್ತರ ಬಂದಿಲ್ಲ.

ಕೊನೆಗೆ ಶಾಲೆಯ ಅಡುಗೆಮನೆಗೆ ಬರುತ್ತೇನೆ, ಅದು ನನ್ನ ಮನೆಯಿದ್ದಂತೆ. ಬಿಸಿಯೂಟದ ಯೋಜನೆಗೆ ನಮ್ಮ ರಾಜ್ಯ ಇಟ್ಟ ಹೆಸರು ಅಕ್ಷರ ದಾಸೋಹ. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ಉಳಿದ ಕಡೆಗೂ ಬಂತು. ಅದು ಬಂದ ದಿನ ನನ್ನ ಶಾಲೆಯಲ್ಲಿ ಹಾಜರಿ ಪುಸ್ತಕ ನೋಡಿ ನಾನೇ ನಂಬಲಿಲ್ಲ. ಹಸಿದ ಮಗು ಮಗ್ಗಿ ತಪ್ಪುತ್ತಿದ್ದದ್ದು ದಡ್ಡತನದಿಂದ ಅಲ್ಲ ಎಂದು ಅಂದು ತಿಳಿದು, ಅದಕ್ಕೆ ಮೊದಲು ನಾನು ಕೊಟ್ಟ ಏಟುಗಳನ್ನೆಲ್ಲ ನೆನೆದು ಸಂಕಟಪಟ್ಟೆ. ನೂರಾರು ಮಕ್ಕಳಿಗೆ ಬೇಯಿಸುವ ಬಿಸಿಯೂಟದ ಅವ್ವಂದಿರಿಗೆ ತಿಂಗಳಿಗೆ ಸಿಗುವುದಕ್ಕೆ ಏನು ಹೆಸರು ಗೊತ್ತೆ? ಗೌರವಧನ. ಸಂಬಳವಲ್ಲ, ಪಗಾರವಲ್ಲ, ಕೂಲಿಯೂ ಅಲ್ಲ. ಗೌರವಧನ! ಅಂಗನವಾಡಿಯವರಿಗೂ ಅದೇ, ಆಶಾ ಕಾರ್ಯಕರ್ತೆಯರಿಗೂ ಅದೇ. ಕನ್ನಡದಲ್ಲಿ ಇಷ್ಟು ಚಂದದ ಹೆಸರಿಟ್ಟು ಇಷ್ಟು ಕಡಿಮೆ ಕೊಡುವ ಇನ್ನೊಂದು ಪದ ನನಗೆ ಸಿಕ್ಕಿಲ್ಲ. ಪಗಾರ ಎಂದು ಕರೆದರೆ ಅಳೆಯಬೇಕಾಗುತ್ತದೆ, ಕನಿಷ್ಠ ಕೂಲಿಯ ಕಾಯ್ದೆ ಎದ್ದು ನಿಲ್ಲುತ್ತದೆ. ಗೌರವವನ್ನು ಯಾರು ಸೇರಿನಲ್ಲಿ ಅಳೆಯುತ್ತಾರೆ? ಇದು ಮರದ ಜಾತಿಯದು. ಅವರು ವರ್ಷ ವರ್ಷ ಬೆಂಗಳೂರಿಗೆ ಹೋಗಿ ಬಿಸಿಲಲ್ಲಿ ಕೂತು ಕೇಳುತ್ತಿರುವುದು ನಮ್ಮ ಹಿತ್ತಲ ಬಾಗಿಲಲ್ಲಿ ಕೇಳಿದ ಮಾತನ್ನೇ. ಸಾಲದೆಂಬಂತೆ, ಅಡುಗೆಯವಳು ದಲಿತಳೆಂದು ಮಕ್ಕಳನ್ನು ಉಣ್ಣಬೇಡವೆಂದ, ಶಾಲೆಯನ್ನೇ ಬಿಡಿಸಿದ ತಂದೆ ತಾಯಿಗಳ ಸುದ್ದಿ ನಮ್ಮ ರಾಜ್ಯದಿಂದ ಆಗಾಗ ಬರುತ್ತದೆ. ಬಸವಣ್ಣನ ನಾಡಿನಲ್ಲಿ, ದಾಸೋಹ ಎಂದು ಹೆಸರಿಟ್ಟ ಊಟಕ್ಕೆ.

ಯಾರೋ ಕೆಮ್ಮಿದಿರಿ. ಸರಿ, ಪ್ರವಚನ ಆಗುತ್ತಿತ್ತು.

ಆ ಹೆಣ್ಣುಮಗಳ ಸಂಗತಿ ಒಂದು ಉಳಿದಿದೆ. ನನಗೆ ಮಾಸ್ತರ ನೌಕರಿ ಸಿಕ್ಕು ಊರು ಬಿಡುವ ದಿನ ಅವಳು ನಮ್ಮ ಮನೆಗೆ ಬಂದಳು. ಅಂದು ಮೊದಲ ಸಲ ಮುಂಬಾಗಿಲಿಗೆ. ಒಳಗೆ ಬರಲಿಲ್ಲ, ನಾವೂ ಬಾ ಅನ್ನಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ ಐದು ರೂಪಾಯಿಯ ನೋಟು ತೆಗೆದು ನನ್ನ ಅಂಗೈಯಲ್ಲಿಟ್ಟು, ಮುಷ್ಟಿ ಮಡಚಿ, ‘ನಮ್ಮ ಹುಡುಗ ಸಾಲಿ ಮಾಸ್ತರ ಆತು’ ಅಂದಳು. ಆಗಿನ ಐದು ರೂಪಾಯಿ ಅವಳ ಎಷ್ಟು ದಿನದ ಕೂಲಿ ಎಂದು ನನಗೆ ಗೊತ್ತಿತ್ತು. ಬೊಗಸೆಗೆ ನೀರು ಸುರಿದ ಹುಡುಗನ ಕೈ ಅದು. ನಾನು ಅವಳಿಗೆ ಕೊಡಬೇಕಾದದ್ದು ಯಾವುದೂ ಇನ್ನೂ ಸಂದಿರಲಿಲ್ಲ. ಅವಳದು ಬರೇ ಕೊಸರು. ಆ ನೋಟು ಖರ್ಚಾಯಿತು, ನಾನು ಜೋಪಾನ ಮಾಡಿ ಇಡಲಿಲ್ಲ. ಧಾರವಾಡಕ್ಕೆ ಹೋದ ಬಸ್ಸಿನ ಟಿಕೆಟಿಗೆ, ಅಲ್ಲಿ ಕುಡಿದ ಚಹಾಕ್ಕೆ ಹೋಯಿತು.

ಈಗ ಊಟ. ದತ್ತಿಯ ಮನೆಯವರು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಗೋಧಿ ಹುಗ್ಗಿ ಮಾಡಿಸಿದ್ದಾರೆ. ಬೆಳಗಿನಿಂದ ಒಲೆಯ ಮುಂದೆ ಇರುವ ಐದಾರು ಮಂದಿ ಅವ್ವಂದಿರು ಅಲ್ಲಿ ಬಾಗಿಲ ಬಳಿ ನಿಂತು ಕೇಳುತ್ತಿದ್ದಾರೆ, ಈ ಭಾಷಣ ಮುಗಿದರೆ ಸಾಕು ಬಡಿಸೋಣ ಎಂದು ಕಾಯುತ್ತಿದ್ದಾರೆ. ಯಜಮಾನರನ್ನು ಕೇಳಿಕೊಂಡಿದ್ದೇನೆ, ಅವರ ಇವತ್ತಿನ ಪಗಾರ ನಿನ್ನೆಯೇ ಮುಟ್ಟಿದೆಯಂತೆ. ಹಾಗಾದರೆ ಇನ್ನೊಂದು ಕೆಲಸ ಉಳಿಯಿತು. ಮೊದಲ ಪಂಕ್ತಿಗೆ ಅವರು ಕೂಡಲಿ. ಅಧ್ಯಕ್ಷರು ರೊಟ್ಟಿ ಹಿಡಿಯಲಿ, ನಾನು ಹುಗ್ಗಿಯ ಕಡೆ ಇರುತ್ತೇನೆ. ಸೌಟು ಎಲ್ಲಿಟ್ಟೀರಿ?